ಆರ್ನಿಷ್ ಊರಿನ ರಸ್ತೆ



ಈ ಪಾಠದಲ್ಲಿ ನಾವು ಒಂದು ದೂರದ ಊರಿನ ಕಥೆ ಓದೋಣ. ಊರಿನ ಹೆಸರು ಆರ್ನಿಷ್. ಇದು ಸ್ಕಾಟ್ಲೆಂಡ್ ದೇಶದ ಊರು. ತೀರಾ ಚಿಕ್ಕದು. ಒಂದು ಕಾಲಕ್ಕೆ ಅಲ್ಲಿ ಉಳಿದಿದ್ದವರು ಇಬ್ಬರೇ. ಒಬ್ಬ ಗಂಡ, ಒಬ್ಬಳು ಹೆಂಡತಿ. ಇಷ್ಟು ಚಿಕ್ಕ ಊರಿನ ಕಥೆ ನಮಗೆ ಯಾಕೆ ಅಂತ ಕೇಳಬಹುದು. ಈ ಊರಿಗೆ ರಸ್ತೆ ಇರಲಿಲ್ಲ. ರಸ್ತೆ ಇಲ್ಲದೆ ಊರಿಗೆ ಏನಾಯಿತು? ಕೊನೆಗೆ ರಸ್ತೆಯನ್ನು ಯಾರು ಮಾಡಿದರು? ಹೇಗೆ ಮಾಡಿದರು? ಇದನ್ನು ತಿಳಿಯೋಣ.

ಇದರಲ್ಲಿ ಬರುವ ಹೆಸರುಗಳು ನಮ್ಮ ಬಾಯಿಗೆ ಹೊಸವು. ಒತ್ತಕ್ಷರಗಳೂ ಜಾಸ್ತಿ. ಅವಸರ ಬೇಡ. ಅಕ್ಷರ ಕೂಡಿಸಿ ನಿಧಾನವಾಗಿ ಓದಿ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿದರೂ ಆದೀತು.

ಊರು ಎಲ್ಲಿದೆ?

ಬ್ರಿಟನ್ ಎಂಬ ದೊಡ್ಡ ದ್ವೀಪದ ಉತ್ತರ ಭಾಗವೇ ಸ್ಕಾಟ್ಲೆಂಡ್. ಅದರ ಪಶ್ಚಿಮಕ್ಕೆ ಸಮುದ್ರ. ಆ ಸಮುದ್ರದಲ್ಲಿ ನೂರಾರು ದ್ವೀಪಗಳಿವೆ. ದ್ವೀಪ ಅಂದರೆ ಸುತ್ತಲೂ ನೀರಿರುವ ನೆಲ. ಸ್ಕೈ ಎಂಬುದು ಅಲ್ಲಿನ ದೊಡ್ಡ ದ್ವೀಪಗಳಲ್ಲಿ ಒಂದು. ಸ್ಕೈ ದ್ವೀಪಕ್ಕೂ ಸ್ಕಾಟ್ಲೆಂಡಿನ ದಡಕ್ಕೂ ನಡುವೆ ಇನ್ನೊಂದು ಉದ್ದನೆಯ ದ್ವೀಪ ಮಲಗಿದೆ. ಅದರ ಹೆಸರು ರಾಸೇ. ಉದ್ದ ಸುಮಾರು 14 ಮೈಲಿ. ಅಗಲ ಎಲ್ಲೂ ಮೂರು ಮೈಲಿಗಿಂತ ಹೆಚ್ಚಿಲ್ಲ. 2011ರ ಜನಗಣತಿಯಲ್ಲಿ ಇಡೀ ದ್ವೀಪದ ಜನ 161. ಅಂದರೆ ನಮ್ಮ ಒಂದು ಸಣ್ಣ ಹಟ್ಟಿಯಷ್ಟು ಜನ.

ರಾಸೇ ದ್ವೀಪದ ದಕ್ಷಿಣಕ್ಕೆ ಒಳ್ಳೆಯ ಮಣ್ಣು, ಹುಲ್ಲುಗಾವಲು ಇದೆ. ಉತ್ತರಕ್ಕೆ ಹೋದ ಹಾಗೆ ಬಂಡೆ, ಜೌಗು, ಕುರುಚಲು. ಆ ಉತ್ತರದ ತುದಿಯ ಕಡೆ ಇರುವುದೇ ಆರ್ನಿಷ್. ಅದರ ಹತ್ತಿರವೇ ಟೋರನ್ ಎಂಬ ಇನ್ನೊಂದು ಊರು. ಅದಕ್ಕೂ ಆಚೆ ಫ್ಲಾಡಾ ಎಂಬ ಪುಟ್ಟ ದ್ವೀಪ. ಸಮುದ್ರದ ನೀರು ಇಳಿದಾಗ ಫ್ಲಾಡಾಕ್ಕೆ ನಡೆದೇ ಹೋಗಬಹುದು. ನೀರು ಏರಿದರೆ ಆಗೋದಿಲ್ಲ. ಇನ್ನೂ ಉತ್ತರಕ್ಕೆ ರೋನಾ ಎಂಬ ದ್ವೀಪ. ಅಲ್ಲಿ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಇದೆ.

ಈ ಜನ ಮನೆಯಲ್ಲಿ ಆಡುತ್ತಿದ್ದ ಮಾತು ಗೇಲಿಕ್. ಇಂಗ್ಲಿಷ್ ಅಲ್ಲ. ಶಾಲೆ, ಕಚೇರಿ, ಕೋರ್ಟು ಎಲ್ಲ ಇಂಗ್ಲಿಷಿನಲ್ಲಿ. ಮನೆಮಾತು ಒಂದು, ಕಾಗದಪತ್ರದ ಮಾತು ಇನ್ನೊಂದು.

ಜನ ಬಂಡೆಯ ಮೇಲೆ ಬಂದದ್ದು ಹೇಗೆ?

ಒಳ್ಳೆಯ ಮಣ್ಣು ದಕ್ಷಿಣದಲ್ಲಿದ್ದರೆ ಜನ ಉತ್ತರದ ಬಂಡೆಯ ಮೇಲೆ ಯಾಕೆ ಮನೆ ಕಟ್ಟಿದರು? ಯಾರೂ ಇಷ್ಟಪಟ್ಟು ಬಂದವರಲ್ಲ. ಎಷ್ಟೋ ಮಂದಿಯನ್ನು ಅಟ್ಟಿದರು.

ರಾಸೇ ದ್ವೀಪ ಬಹಳ ಕಾಲ ಮೆಕ್ಲೌಡ್ ಎಂಬ ಮನೆತನದ ಒಡೆಯರ ಕೈಯಲ್ಲಿತ್ತು. 1746ರಲ್ಲಿ ಅವರು ಇಂಗ್ಲೆಂಡಿನ ರಾಜನ ವಿರುದ್ಧದ ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದರು. ರಾಜನ ಸೈನಿಕರು ಬಂದು ದ್ವೀಪದ ಮನೆಗಳಿಗೆ ಬೆಂಕಿ ಇಟ್ಟರು. ಜನ ಮತ್ತೆ ಕಟ್ಟಿಕೊಂಡರು. ಆದರೆ ಮುಂದೆ ಒಡೆಯರು ಸಾಲದಲ್ಲಿ ಮುಳುಗಿದರು. 1840ರ ದಶಕದಲ್ಲಿ ದ್ವೀಪ ಮಾರಾಟವಾಯಿತು. ಮನೆ, ಹೊಲ, ಅದರಲ್ಲಿದ್ದ ಜನ ಸಮೇತ.

ಕೊಂಡವರು ಜಾರ್ಜ್ ರೇನಿ. ಇವರು ದಕ್ಷಿಣ ಅಮೆರಿಕಾದ ಡೆಮೆರಾರಾ ಎಂಬಲ್ಲಿ ಹಣ ಮಾಡಿದವರು. ಅಲ್ಲಿ ಆಫ್ರಿಕಾದ ಜನರನ್ನು ಗುಲಾಮರಾಗಿ ದುಡಿಸುತ್ತಿದ್ದ ಸಕ್ಕರೆ ತೋಟಗಳಿದ್ದವು. ಆ ವ್ಯಾಪಾರದ ದುಡ್ಡು ಅದು. ರೇನಿಗೆ ಜನಕ್ಕಿಂತ ಕುರಿ ಲಾಭವಾಗಿ ಕಂಡಿತು. ಉಣ್ಣೆಗೆ, ಮಾಂಸಕ್ಕೆ ಒಳ್ಳೆಯ ಬೆಲೆ ಇತ್ತು. ದಕ್ಷಿಣದ ಹಳ್ಳಿಗಳನ್ನು ಒಂದೊಂದಾಗಿ ಒಕ್ಕಲೆಬ್ಬಿಸಿದರು. ಒಕ್ಕಲೆಬ್ಬಿಸುವುದು ಅಂದರೆ ಏನು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಸಂಸಾರಗಳು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವು. ಹೋಗದವರು ಉತ್ತರದ ಬಂಡೆಗೆ, ರೋನಾಕ್ಕೆ, ಫ್ಲಾಡಾಕ್ಕೆ ಸರಿದರು. ಕುರಿ ಇರುವ ದಕ್ಷಿಣಕ್ಕೂ ಜನ ಇರುವ ಉತ್ತರಕ್ಕೂ ನಡುವೆ ದ್ವೀಪಕ್ಕೆ ಅಡ್ಡಲಾಗಿ ಕಲ್ಲಿನ ಗೋಡೆ ಎದ್ದಿತು. ಹಾಳುಬಿದ್ದ ಹಳ್ಳಿಗಳಲ್ಲಿ ಒಂದರ ಹೆಸರು ಹಾಲೆಗ್. ಈ ಹೆಸರು ನೆನಪಿಡಿ. ಮುಂದೆ ಬರುತ್ತದೆ.

ಇನ್ನೊಂದು ಮಾತು. ರೇನಿಯ ಕಾಲದಲ್ಲಿ ದ್ವೀಪದ ಹುಡುಗ ಹುಡುಗಿಯರು ಮದುವೆಯಾಗಬಾರದು ಅಂತ ಕಟ್ಟು ಮಾಡಿದ್ದರಂತೆ. ಮದುವೆಯಾದರೆ ಮನೆ ಹೆಚ್ಚುತ್ತದೆ, ಮನೆ ಹೆಚ್ಚಿದರೆ ಭೂಮಿ ಕೇಳ್ತಾರೆ ಅಂತ. ಈ ಮಾತನ್ನು ಜನರೇ ಹೇಳಿದ್ದು. ಯಾರ ಮುಂದೆ? 1883ರಲ್ಲಿ ಸರ್ಕಾರ ಒಂದು ಆಯೋಗ ಮಾಡಿತು. ಅದರ ಹೆಸರು ನೇಪಿಯರ್ ಆಯೋಗ. ಬಡ ಗೇಣಿದಾರರ ಕಷ್ಟ ಏನು ಅಂತ ಅದು ಊರೂರಿಗೆ ಹೋಗಿ ಕೇಳಿತು. ಆರ್ನಿಷ್ ಪಕ್ಕದ ಟೋರನ್‌ಗೂ ಬಂದು ಕುಳಿತಿತ್ತು. ಜನ ಹೇಳಿದ್ದನ್ನು ಗುಮಾಸ್ತರು ಬರೆದುಕೊಂಡರು. ಅದು ಅಚ್ಚಾಯಿತು. ಹಾಗಾಗಿ ಇವತ್ತಿಗೂ ನಮಗೆ ಗೊತ್ತಾಗ್ತಿದೆ. 1886ರಲ್ಲಿ ಕಾನೂನು ಬಂತು. ಗೇಣಿ ಸರಿಯಾಗಿ ಕಟ್ಟುವ ಸಣ್ಣ ಹಿಡುವಳಿದಾರರನ್ನು ಮನಸ್ಸಿಗೆ ಬಂದ ಹಾಗೆ ಎಬ್ಬಿಸುವಂತಿಲ್ಲ ಅಂತ ಆಯಿತು.

ಆದರೆ ಕಳೆದ ಹೊಲ ಮಾತ್ರ ವಾಪಸು ಬರಲಿಲ್ಲ. 1921ರಲ್ಲಿ ರೋನಾ ದ್ವೀಪದ ಕೆಲವು ಗಂಡಸರು ರಾಸೇಗೆ ಬಂದು ಹಳೆಯ ಹೊಲಗಳಲ್ಲಿ ಕೂತೇಬಿಟ್ಟರು. ಅವರನ್ನು ಇನ್ವರ್ನೆಸ್ ಪಟ್ಟಣದ ಜೈಲಿಗೆ ಹಾಕಿದರು. ದೇಶದಲ್ಲಿ ದೊಡ್ಡ ಗದ್ದಲವಾಯಿತು. ಮರುವರ್ಷ, 1922ರಲ್ಲಿ, ಸರ್ಕಾರವೇ ದ್ವೀಪವನ್ನು ಕೊಂಡಿತು. ಆಗ ಉತ್ತರದ ಕೆಲವು ಮನೆಯವರು ದಕ್ಷಿಣಕ್ಕೆ ಹೋಗಿ ಹೊಲ ಮಾಡಿದರು. ಕೆಲವರು ಅಲ್ಲೇ ಉಳಿದರು.

ಬೆನ್ನೇ ಗಾಡಿ

ಉಳಿದವರು ಹೇಗೆ ಬದುಕಿದರು? ಸಣ್ಣ ಗೇಣಿ ತುಂಡು. ಅದಕ್ಕೆ ಕ್ರಾಫ್ಟ್ ಅಂತಾರೆ. ಅದರಲ್ಲಿ ಆಲೂಗಡ್ಡೆ, ಓಟ್ಸ್ ಎಂಬ ಧಾನ್ಯ. ಒಂದೆರಡು ಹಸು, ಕೆಲವು ಕುರಿ. ಸಮುದ್ರದಲ್ಲಿ ಮೀನು. ಉರಿಸಲು ಸೌದೆ ಕಡಿಮೆ. ಪೀಟ್ ಉರಿಸುತ್ತಿದ್ದರು. ಪೀಟ್ ಅಂದರೆ ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಹುಲ್ಲು, ಪಾಚಿ. ಅದನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ನಾವು ಬೆರಣಿ ಉರಿಸಿದ ಹಾಗೆ ಉರಿಸುತ್ತಾರೆ.

ಇದನ್ನೆಲ್ಲ ಹೊರುವವರು ಯಾರು? ಆ ಸೀಮೆಯಲ್ಲೂ ಹೆಂಗಸರೇ. ಬೆನ್ನಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಪೀಟ್ ಹೊರುತ್ತಿದ್ದರು. ಹೊಲಕ್ಕೆ ಗೊಬ್ಬರವಾಗಿ ಸಮುದ್ರದ ಪಾಚಿ ಹೊರುತ್ತಿದ್ದರು. ಬೆನ್ನ ಮೇಲೆ ಹೊರೆ, ಎರಡೂ ಕೈಯಲ್ಲಿ ಉಣ್ಣೆಯ ಹೆಣಿಗೆ. ನಡೀತಾ ನಡೀತಾ ಕಾಲುಚೀಲ ಹೆಣೆಯುತ್ತಿದ್ದರು. ಹಳೆಯ ಫೋಟೋಗಳಲ್ಲಿ ಇದನ್ನು ನೋಡಬಹುದು. ನೋಡಿದವರು ಚಂದ ಅಂತಾರೆ. ಹೊತ್ತವರಿಗೆ ಗೊತ್ತು.

ದಕ್ಷಿಣದಿಂದ ಬಂದ ರಸ್ತೆ ಬ್ರೋಕೆಲ್ ಎಂಬಲ್ಲಿ ನಿಂತುಹೋಗುತ್ತಿತ್ತು. ಬ್ರೋಕೆಲ್‌ನಲ್ಲಿ ಒಡೆಯರ ಹಳೆಯ ಕೋಟೆ ಪಾಳುಬಿದ್ದಿದೆ. ಅಲ್ಲಿಂದ ಆರ್ನಿಷ್‌ಗೆ ಒಂದೂಮುಕ್ಕಾಲು ಮೈಲಿ. ನಮ್ಮ ಹಿರಿಯರ ಲೆಕ್ಕದಲ್ಲಿ 14 ಫರ್ಲಾಂಗು. ಈಗಿನ ಲೆಕ್ಕದಲ್ಲಿ 2.8 ಕಿಲೋಮೀಟರು. ಅಷ್ಟೇ. ಆದರೆ ಅದು ಬರೀ ಕಾಲುದಾರಿ. ಗುಡ್ಡ ಹತ್ತಬೇಕು, ಇಳಿಯಬೇಕು. ಪಕ್ಕದಲ್ಲಿ ಸಮುದ್ರದ ಕಡೆಗೆ ಇಳಿಜಾರು. ಹಿಟ್ಟಿನ ಮೂಟೆ, ಸಾಮಾನು ಬರಬೇಕಾದರೆ ಬೆನ್ನ ಮೇಲೆ ಬರಬೇಕು. ಇಲ್ಲಾಂದ್ರೆ ದೋಣಿಯಲ್ಲಿ. ಗಾಳಿ ಎದ್ದರೆ ದೋಣಿಯೂ ಇಲ್ಲ.

ಅರ್ಜಿ ಮೇಲೆ ಅರ್ಜಿ

ಉತ್ತರದ ಜನ ಸುಮ್ಮನೆ ಕೂರಲಿಲ್ಲ. ನಮಗೆ ರಸ್ತೆ ಮಾಡಿಕೊಡಿ ಅಂತ ದಶಕಗಟ್ಟಲೆ ಅರ್ಜಿ ಬರೆದರು. ಇವರ ದ್ವೀಪ ಆಗ ಇನ್ವರ್ನೆಸ್ ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕೌನ್ಸಿಲಿನ ಕಚೇರಿ ಇದ್ದದ್ದು ದೇಶದ ಆ ಕಡೆಯ ದಡದಲ್ಲಿ. ರಸ್ತೆ ಮಂಜೂರಾಗಲಿಲ್ಲ. ಅನುದಾನ ಕೇಳಿದರು, ಅದೂ ಬರಲಿಲ್ಲ.

ಕಚೇರಿಗಳ ಲೆಕ್ಕ ಎಲ್ಲ ಕಡೆ ಒಂದೇ ಥರ. ಎಷ್ಟು ಮನೆ ಇದೆ, ಎಷ್ಟು ಖರ್ಚು ಬರುತ್ತೆ ಅಂತ ನೋಡ್ತಾರೆ. ಮನೆ ಕಡಿಮೆ ಇದ್ದರೆ ರಸ್ತೆ ಇಲ್ಲ. ರಸ್ತೆ ಇಲ್ಲದಿದ್ದರೆ ಇದ್ದ ಮನೆಯವರೂ ಹೋಗ್ತಾರೆ. ಆಮೇಲೆ ಮನೆ ಇನ್ನೂ ಕಡಿಮೆ. ಈ ಲೆಕ್ಕ ತಪ್ಪು ಅಂತಲೇ ನಾವು ಹೇಳುತ್ತೇವೆ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಊರು ಖಾಲಿಯಾಗುವುದನ್ನು ಕಾಯ್ದ ಹಾಗಾಯಿತು.

ಆದದ್ದೂ ಹಾಗೆ. 1940ರ ದಶಕದಲ್ಲಿ ರೋನಾ ದ್ವೀಪದ ಮೂಲ ಸಂಸಾರಗಳು ಹೊರಟುಹೋದವು. ದೀಪಸ್ತಂಭದ ಕೆಲಸದವರು ಮಾತ್ರ ಉಳಿದರು. 1960ರ ದಶಕದಲ್ಲಿ ಫ್ಲಾಡಾ ಖಾಲಿಯಾಯಿತು. ಆರ್ನಿಷ್, ಟೋರನ್‌ಗಳಲ್ಲಿ ಒಂದೊಂದೇ ಮನೆಗೆ ಬೀಗ ಬಿತ್ತು. ಮಕ್ಕಳು ದೊಡ್ಡ ಶಾಲೆಗೆ ಸ್ಕೈ ದ್ವೀಪದ ಪೋರ್ಟ್ರೀ ಪಟ್ಟಣಕ್ಕೆ ಹೋಗಬೇಕಿತ್ತು. ಹೋದ ಮಕ್ಕಳು ರಸ್ತೆ ಇಲ್ಲದ ಊರಿಗೆ ಮರಳಿ ಬಂದು ಸಂಸಾರ ಹೂಡುವುದು ಕಷ್ಟ.

ಕ್ಯಾಲಮ್ ಮತ್ತು ಲೆಕ್ಸಿ

ಆರ್ನಿಷ್‌ನಲ್ಲಿ ಒಂದು ಮನೆ ಮಾತ್ರ ಗಟ್ಟಿಯಾಗಿ ನಿಂತಿತು. ಕ್ಯಾಲಮ್ ಮೆಕ್ಲೌಡ್ ಮತ್ತು ಅವರ ಹೆಂಡತಿ ಲೆಕ್ಸಿ ಅವರ ಮನೆ.

ಕ್ಯಾಲಮ್ ಹುಟ್ಟಿದ್ದು 1911ರಲ್ಲಿ, ಗ್ಲಾಸ್ಗೋ ಎಂಬ ದೊಡ್ಡ ಪಟ್ಟಣದಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ, ಇನ್ನೂ ಚಿಕ್ಕ ಮಗು ಆಗಿದ್ದಾಗ, ಮನೆಯವರು ರಾಸೇಗೆ ಬಂದರು. ಮೆಕ್ಲೌಡ್ ಅಂತ ಹೆಸರಿದ್ದ ಮಾತ್ರಕ್ಕೆ ಒಡೆಯರ ಮನೆಯವರು ಅಂದುಕೊಳ್ಳಬೇಡಿ. ಅಲ್ಲಿ ಒಕ್ಕಲು ಮಕ್ಕಳಿಗೂ ಅದೇ ಹೆಸರು. ಕ್ಯಾಲಮ್ ಮಾಡದ ಕೆಲಸ ಇಲ್ಲ. ಹೊಲ, ಕುರಿ, ದೋಣಿ ಎಲ್ಲ ನೋಡುತ್ತಿದ್ದರು. ಉತ್ತರದ ಮನೆಗಳಿಗೆ ಕಾಗದ ಹಂಚುವ ಅರೆಕಾಲದ ಅಂಚೆಯವರೂ ಅವರೇ. ರೋನಾ ದೀಪಸ್ತಂಭದಲ್ಲಿ ಸಹಾಯಕರಾಗಿಯೂ ದುಡಿದರು.

1949ರಿಂದ 1952ರವರೆಗೆ ಕ್ಯಾಲಮ್ ಮತ್ತು ಅವರ ತಮ್ಮ ಚಾರ್ಲ್ಸ್ ಸೇರಿ ಟೋರನ್‌ನಿಂದ ಫ್ಲಾಡಾದ ಕಡೆಗೆ ಒಂದು ದಾರಿ ಮಾಡಿದ್ದರು. ಅದಕ್ಕೆ ಕೌನ್ಸಿಲ್ ವರ್ಷಕ್ಕೆ 35 ಪೌಂಡ್ ಕೂಲಿ ಕೊಟ್ಟಿತ್ತು. ಪೌಂಡ್ ಅಂದರೆ ಅಲ್ಲಿನ ನಾಣ್ಯ, ನಮಗೆ ರೂಪಾಯಿ ಇದ್ದ ಹಾಗೆ. ಆ ದಾರಿ ಕಾಲುನಡಿಗೆಗೆ ಚೆನ್ನಾಗಿತ್ತು. ಆದರೆ ಗಾಡಿ ಬ್ರೋಕೆಲ್‌ನಲ್ಲೇ ನಿಲ್ಲುತ್ತಿತ್ತು. ಮುಖ್ಯವಾದ ಒಂದೂಮುಕ್ಕಾಲು ಮೈಲಿ ಹಾಗೇ ಉಳಿದಿತ್ತು.

1960ರ ದಶಕದ ನಡುವೆ, ಐವತ್ತು ದಾಟಿದ ಮೇಲೆ, ಕ್ಯಾಲಮ್ ತಾವೇ ರಸ್ತೆ ಮಾಡಲು ಹೊರಟರು.

ಹಳೆಯ ಪುಸ್ತಕ

ಮೊದಲು ಅವರು ಮಾಡಿದ ಕೆಲಸ ಏನು ಗೊತ್ತೇ? ಒಂದು ಪುಸ್ತಕ ತರಿಸಿಕೊಂಡರು.

ಅದು ರಸ್ತೆ ಮಾಡುವ, ರಸ್ತೆ ಕಾಪಾಡುವ ವಿಧಾನದ ಪುಸ್ತಕ. ಬರೆದವರು ಥಾಮಸ್ ಐಟ್ಕನ್. ಇಂಜಿನಿಯರುಗಳಿಗೆ, ಮೋಜಣಿ ಮಾಡುವವರಿಗೆ ಅಂತ ಬರೆದದ್ದು. 1900ರಲ್ಲಿ ಅಚ್ಚಾದ ಹಳೇ ಪುಸ್ತಕ. ಕ್ಯಾಲಮ್ ಅದಕ್ಕೆ ಕೊಟ್ಟ ಬೆಲೆ ಅರ್ಧ ಕ್ರೌನ್. ಕ್ರೌನ್ ಎಂಬುದು ಹಳೆಯ ನಾಣ್ಯ. ಎಂಟು ಅರ್ಧ ಕ್ರೌನ್ ಸೇರಿದರೆ ಒಂದು ಪೌಂಡ್. ಅಂದರೆ ಪುಸ್ತಕದ ಬೆಲೆ ಅರೆಪಾವು ಪೌಂಡ್, ಎರಡಾಣೆಯ ಲೆಕ್ಕ.

ಕ್ಯಾಲಮ್ ಇಂಜಿನಿಯರ್ ಅಲ್ಲ. ಪುಸ್ತಕ ಮನೆಮಾತಿನಲ್ಲೂ ಇರಲಿಲ್ಲ. ಆದರೂ ಓದಿದರು. ಓದಿ, ಹೋಗಿ ನೆಲ ನೋಡಿದರು. ಹೀಗೆ ಓದೋದೂ ಒಂದು ಕೆಲಸವೇ ಅಂತ ನಮಗೆ ಅನ್ನಿಸುತ್ತದೆ. ನಾವು ದಿನಾ ಅಕ್ಷರ ಕಲಿಸುವವರು, ಹಾಗಾಗಿ ಈ ಪುಸ್ತಕದ ಸಂಗತಿ ನಮಗೆ ಸ್ವಲ್ಪ ಹೆಚ್ಚೇ ಇಷ್ಟ.

ಅವರ ಹತ್ತಿರ ಇದ್ದ ಸಾಮಾನು ಇಷ್ಟು: ಸಲಿಕೆ, ಪಿಕಾಸಿ, ಕೊಡಲಿ, ಹಾರೆ, ದೊಡ್ಡ ಸುತ್ತಿಗೆ, ಒಂದು ಚಕ್ರದ ತಳ್ಳುಗಾಡಿ.

ಪೂರ್ತಿ ಒಬ್ಬರೇ ಮಾಡಿದರು ಅಂತ ಬಹಳ ಜನ ಹೇಳ್ತಾರೆ. ಅದು ಅಷ್ಟು ಸರಿಯಲ್ಲ. ಶುರುವಿನಲ್ಲಿ ದೊಡ್ಡ ಬಂಡೆ ಸಿಡಿಸಲು ಕೃಷಿ ಇಲಾಖೆ ನೆರವು ಕೊಟ್ಟಿತು. ಬಂಡೆ ಕೊರೆಯುವ ಯಂತ್ರ, ಮದ್ದು, ಆ ಕೆಲಸ ಬಲ್ಲ ಆಳು ಕಳಿಸಿತು. ಅದಕ್ಕೆ ಇಲಾಖೆ ಮಾಡಿದ ಖರ್ಚು 1,900 ಪೌಂಡ್. ಸಿಡಿದ ಕಲ್ಲನ್ನು ಎತ್ತಿ, ಒಡೆದು, ಜೋಡಿಸಿ, ರಸ್ತೆ ಅಂತ ಮಾಡಿದ್ದು ಮಾತ್ರ ಕ್ಯಾಲಮ್ ಅವರೇ.

ರಸ್ತೆ ಮಾಡೋದು ಹೇಗೆ?

ರಸ್ತೆ ಅಂದರೆ ಮಣ್ಣು ಹರಡಿ ಮಟ್ಟ ಮಾಡೋದಲ್ಲ. ರಸ್ತೆಗೆ ದೊಡ್ಡ ಶತ್ರು ನೀರು. ನೀರು ರಸ್ತೆಯ ಮೇಲೆ ನಿಂತರೆ ಗುಂಡಿ. ಅಡಿಯಲ್ಲಿ ನಿಂತರೆ ಕುಸಿತ. ರಾಸೇ ಕಡೆ ವರ್ಷದ ಹೆಚ್ಚು ದಿನ ಮಳೆಯೇ. ಹಾಗಾಗಿ ನೀರಿಗೆ ಮೊದಲು ದಾರಿ ಮಾಡಬೇಕು, ಆಮೇಲೆ ಜನಕ್ಕೆ.

ಮೊದಲು ಮರ, ಬೇರು, ಬಂಡೆ ತೆಗೆಯಬೇಕು. ಗುಡ್ಡದ ಮೇಲಿನ ಬದಿಗೆ ಚರಂಡಿ ತೋಡಬೇಕು. ಅಲ್ಲಿ ಇಳಿದ ನೀರು ಆ ಬದಿಯಿಂದ ಈ ಬದಿಗೆ ದಾಟಬೇಕಲ್ಲ? ಅದಕ್ಕೆ ಅಲ್ಲಲ್ಲಿ ರಸ್ತೆಯ ಅಡಿಯಲ್ಲಿ ಮೋರಿ ಇಡಬೇಕು. ಇಳಿಜಾರಿನ ಕೆಳಬದಿಯಲ್ಲಿ ಕಲ್ಲಿನ ತಡೆಗೋಡೆ ಕಟ್ಟಬೇಕು. ಇಲ್ಲದಿದ್ದರೆ ರಸ್ತೆ ಜಾರಿಹೋಗುತ್ತದೆ. ಆಮೇಲೆ ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಜಲ್ಲಿ. ನಡು ಸ್ವಲ್ಪ ಉಬ್ಬಿರಬೇಕು, ಎರಡೂ ಬದಿ ಇಳಿದಿರಬೇಕು. ಆಗ ಬಿದ್ದ ಮಳೆ ಹರಿದುಹೋಗುತ್ತದೆ. ಗುಡ್ಡ ಕಡಿದಾಗಿದ್ದರೆ ನೇರ ಹತ್ತಿಸುವಂತಿಲ್ಲ. ಹಾವಿನ ಹಾಗೆ ಸುತ್ತಿಸಿ ಏರಿಸಬೇಕು. ಕ್ಯಾಲಮ್ ಮಾಡಿದ ರಸ್ತೆಯಲ್ಲಿ ಅಂಥ ಸುತ್ತು ತಿರುವು, ಕಲ್ಲಿನ ಗೋಡೆ ಈಗಲೂ ಕಾಣುತ್ತವೆ.

ಕೆಲಸ ಸುಮಾರು ಹತ್ತು ವರ್ಷ ನಡೆಯಿತು. ಬನ್ನಿ, ಒಂದು ಲೆಕ್ಕ ಹಾಕೋಣ. ಒಂದು ಮೈಲಿಗೆ 5,280 ಅಡಿ. ಒಂದೂಮುಕ್ಕಾಲು ಮೈಲಿಗೆ 9,240 ಅಡಿ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 924 ಅಡಿ. ಭಾನುವಾರ ಆ ದ್ವೀಪದ ಜನ ಕೆಲಸ ಮುಟ್ಟುತ್ತಿರಲಿಲ್ಲ. ಅಂದರೆ ವಾರಕ್ಕೆ ಆರು ದಿನ. ವರ್ಷಕ್ಕೆ ಸುಮಾರು 312 ದಿನ. ದಿನಕ್ಕೆ ಎಷ್ಟು ಬಂತು? ಹತ್ತಿರ ಹತ್ತಿರ ಮೂರಡಿ. ಅಂದರೆ ಎರಡು ಮೊಳ. ಕ್ಯಾಲಮ್‌ಗೆ ಬೇರೆ ಕೆಲಸವೂ ಇತ್ತು. ದಿನಾ ರಸ್ತೆಗೆ ಹೋಗಲು ಆಗುತ್ತಿರಲಿಲ್ಲ. ಹೋದ ದಿನ ಇನ್ನೂ ಹೆಚ್ಚೇ ಮಾಡಿರಬೇಕು.

ಇಲ್ಲಿ ಒಂದು ಮಾತು ಕೇಳಬೇಕು. ಗಂಡ ದೀಪಸ್ತಂಭದಲ್ಲಿ ಇಲ್ಲವೇ ರಸ್ತೆಯಲ್ಲಿ. ಹಾಗಾದರೆ ಹಸು, ಕುರಿ, ಒಲೆ, ನೀರು, ಹೊಲ ಇದನ್ನೆಲ್ಲ ನೋಡಿದವರು ಯಾರು? ಇದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ರಸ್ತೆಯ ಕಥೆ ಹೇಳುವವರು ಲೆಕ್ಸಿ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ರಸ್ತೆಗೆ ಜನ ಇಟ್ಟ ಹೆಸರು 'ಕ್ಯಾಲಮ್ ರಸ್ತೆ'.

ಟಾರು ಬಿತ್ತು

1970ರ ದಶಕದ ನಡುವಿಗೆ ರಸ್ತೆ ಆರ್ನಿಷ್ ಮುಟ್ಟಿತು. ಆಮೇಲೂ ಕೆಲವು ವರ್ಷ ಅದು ಸರ್ಕಾರದ ಲೆಕ್ಕಕ್ಕೆ ಸೇರಲಿಲ್ಲ. 1980ರ ದಶಕದ ಆರಂಭದಲ್ಲಿ ಕೌನ್ಸಿಲ್ ಅದನ್ನು ತನ್ನ ರಸ್ತೆ ಅಂತ ಒಪ್ಪಿಕೊಂಡು ಟಾರು ಹಾಕಿತು. ಆ ಹೊತ್ತಿಗೆ ಆರ್ನಿಷ್‌ನಲ್ಲಿ ಉಳಿದಿದ್ದವರು ಕ್ಯಾಲಮ್ ಮತ್ತು ಲೆಕ್ಸಿ ಇಬ್ಬರೇ.

ಕ್ಯಾಲಮ್‌ಗೆ ಸರ್ಕಾರ ಒಂದು ಪದಕವನ್ನೂ ಕೊಟ್ಟಿತು. ಯಾತಕ್ಕೆ ಅಂತ ಬರೆದರು? ರೋನಾ ದೀಪಸ್ತಂಭಕ್ಕೆ ಸಾಮಾನು ಸಾಗಿಸಿದ್ದಕ್ಕೆ. ರಸ್ತೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ, ನೀವು ಮಾಡಬೇಕಾದ ಕೆಲಸ ಅವರು ಯಾಕೆ ಮಾಡಿದರು ಅಂತ ಯಾರಾದರೂ ಕೇಳುತ್ತಿದ್ದರು. ನಮಗೆ ಹಾಗೆ ಅನ್ನಿಸುತ್ತದೆ.

ಕ್ಯಾಲಮ್ 1988ರ ಜನವರಿಯಲ್ಲಿ ತೀರಿಕೊಂಡರು. ಅವರು ಗುದ್ದಲಿ ಹಿಡಿದ ಕೈಯಲ್ಲೇ ಲೇಖನಿಯನ್ನೂ ಹಿಡಿದವರು. ರಾಸೇ ಜನರನ್ನು ಒಕ್ಕಲೆಬ್ಬಿಸಿದ ಕಥೆಯನ್ನು ತಮ್ಮ ಗೇಲಿಕ್ ಮಾತಿನಲ್ಲಿ ಬರೆದಿಟ್ಟಿದ್ದರು. ಅದು 2007ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೂ ಮುಂಚೆ, 2006ರಲ್ಲಿ, ರೋಜರ್ ಹಚಿನ್ಸನ್ ಎಂಬ ಪತ್ರಕರ್ತರು ಕ್ಯಾಲಮ್ ರಸ್ತೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದರಿಂದ ಈ ರಸ್ತೆ ಬಹಳ ಜನಕ್ಕೆ ತಿಳಿಯಿತು.

ಈಗ ಆರ್ನಿಷ್‌ಗೆ ಹೋಗುವುದು ಹೇಗೆ?

ದಾರಿ ಉದ್ದ. ಒಂದೊಂದು ತುಂಡಿಗೂ ಒಂದು ಕಥೆ ಇದೆ.

ಇನ್ವರ್ನೆಸ್ ಪಟ್ಟಣದಿಂದ ಕೈಲ್ ಎಂಬ ಊರಿಗೆ ರೈಲು ಇದೆ. ಕೈಲ್ ಇರುವುದು ಪಶ್ಚಿಮದ ದಡದಲ್ಲಿ. 1870ರಲ್ಲಿ ಈ ರೈಲು ಸ್ಟ್ರೋಮ್‌ಫೆರಿ ಎಂಬಲ್ಲಿಗೆ ಬಂದು ನಿಂತಿತ್ತು. ಉಳಿದ ಹತ್ತು ಮೈಲಿ ಚಿಲ್ಲರೆ ದಾರಿಯೆಲ್ಲ ಬಂಡೆ. ಅದನ್ನು ಕಡಿದು 1897ರಲ್ಲಿ ಕೈಲ್‌ವರೆಗೆ ತಂದರು. ಬಂಡೆ ಕಡಿಯೋದು ಆಗದ ಕೆಲಸ ಅಲ್ಲ ಅಂತ ಆಗಲೇ ಗೊತ್ತಿತ್ತು ಅಂತಾಯಿತು.

ಕೈಲ್‌ನಿಂದ ಸ್ಕೈ ದ್ವೀಪಕ್ಕೆ ಮೊದಲು ದೋಣಿಯಲ್ಲಿ ದಾಟಬೇಕಿತ್ತು. 1995ರಲ್ಲಿ ಸೇತುವೆ ಆಯಿತು. ದಾಟಲು ಸುಂಕ ಇಟ್ಟರು. ಸುಂಕ ಬಹಳ ಹೆಚ್ಚು ಅಂತ ಜನ ಜಗಳವಾಡಿದರು. ಕೊಡಲ್ಲ ಅಂದವರ ಮೇಲೆ ಕೇಸು ಬಿತ್ತು. ಆದರೂ ಬಿಡಲಿಲ್ಲ. 2004ರ ಡಿಸೆಂಬರಿನಲ್ಲಿ ಸುಂಕ ತೆಗೆದರು.

ಸ್ಕೈ ದ್ವೀಪದಲ್ಲಿ ಸ್ಕಾನ್ಸರ್ ಎಂಬ ಊರಿಗೆ ಹೋಗಬೇಕು. ಅಲ್ಲಿಂದ ರಾಸೇಗೆ ಹಡಗು. ದಾಟಲು ಸುಮಾರು 25 ನಿಮಿಷ. ಈ ಹಡಗು ಕೂಡ ಸುಲಭವಾಗಿ ಬಂದದ್ದಲ್ಲ. ಮುಂಚೆ ಪೋರ್ಟ್ರೀಯಿಂದ ಕೈಲ್‌ಗೆ ಹೋಗುವ ಅಂಚೆ ಹಡಗು ರಾಸೇ ಮುಟ್ಟಿ ಹೋಗುತ್ತಿತ್ತು. ಗಾಡಿ ಹತ್ತಿಸುವ ಹಡಗು ಬೇಕು ಅಂತ ದ್ವೀಪದವರು ವರ್ಷಗಟ್ಟಲೆ ಕೇಳಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಒಬ್ಬ ಡಾಕ್ಟರು ದ್ವೀಪದ ದೊಡ್ಡ ಬಂಗಲೆ, ಮುಖ್ಯ ಜಾಗ ಕೊಂಡಿದ್ದರು. ಹಡಗುಕಟ್ಟೆಗೆ ಜಾಗ ಬಿಡಲು ಒಪ್ಪಲಿಲ್ಲ. ಪತ್ರಿಕೆಗಳು ಅವರಿಗೆ 'ಡಾಕ್ಟರ್ ನೋ' ಅಂತ ಅಡ್ಡ ಹೆಸರಿಟ್ಟವು. ನೋ ಅಂದರೆ ಇಲ್ಲ, ಆಗಲ್ಲ. ಕೊನೆಗೆ 1976ರಲ್ಲಿ ಗಾಡಿ ಹೊರುವ ಹಡಗು ಬಂತು. ಅದು ಬಂದು ನಿಲ್ಲುತ್ತಿದ್ದುದು, ಹಿಂದೆ ಕಬ್ಬಿಣದ ಅದಿರು ಸಾಗಿಸಲು ಕಟ್ಟಿದ್ದ ಹಳೆಯ ಕಟ್ಟೆಯ ಹತ್ತಿರ. 2010ರಲ್ಲಿ ಊರಿಗೆ ಹತ್ತಿರವಾಗಿ ಹೊಸ ಕಟ್ಟೆ ಆಯಿತು.

2013ರಲ್ಲಿ ಈ ದಾರಿಗೆ ಹೊಸ ಹಡಗು ಬಂತು. ಅದು ಡೀಸೆಲ್‌ನಿಂದಲೂ ಓಡುತ್ತದೆ, ಬ್ಯಾಟರಿಯ ಕರೆಂಟಿನಿಂದಲೂ ಓಡುತ್ತದೆ. ಅದರ ಹೆಸರು ಹಾಲೆಗ್. ನೆನಪಾಯಿತೇ? ಕುರಿಗಾಗಿ ಖಾಲಿ ಮಾಡಿಸಿದ ಹಳ್ಳಿಯ ಹೆಸರು. ಆ ಹಳ್ಳಿಯ ಬಗ್ಗೆ ರಾಸೇ ದ್ವೀಪದವರೇ ಆದ ಸಾರ್ಲಿ ಮೆಕ್ಲೀನ್ ಎಂಬ ಕವಿ ಗೇಲಿಕ್‌ನಲ್ಲಿ ಪದ್ಯ ಬರೆದಿದ್ದರು. ಈ ಕವಿಯೂ ಕ್ಯಾಲಮ್ ಹಾಗೆ 1911ರಲ್ಲಿ ಹುಟ್ಟಿದವರು.

ಹಡಗು ಇಳಿದು ಉತ್ತರಕ್ಕೆ ರಸ್ತೆ ಹಿಡಿದರೆ ಬ್ರೋಕೆಲ್ ಕೋಟೆ ಬರುತ್ತದೆ. ಅಲ್ಲಿ ಕಲ್ಲು ಪೇರಿಸಿ ಒಂದು ಗುರುತು ಮಾಡಿದ್ದಾರೆ. ಅದರ ಮೇಲೆ ಗೇಲಿಕ್, ಇಂಗ್ಲಿಷ್ ಎರಡರಲ್ಲೂ ಕ್ಯಾಲಮ್ ಕೆಲಸದ ವಿವರ ಇದೆ. ಅಲ್ಲಿಂದ ಮುಂದಕ್ಕೆ ಆ ಒಂದೂಮುಕ್ಕಾಲು ಮೈಲಿ. ಕಿರಿದಾದ ರಸ್ತೆ, ಒಂದೇ ಗಾಡಿ ಹೋಗುವಷ್ಟು ಅಗಲ. ನೋಡಲು ಬರುವವರು ಕಾರಿನಲ್ಲಿ, ಸೈಕಲ್ಲಿನಲ್ಲಿ, ನಡೆದು ಹೋಗುತ್ತಾರೆ. ಆರ್ನಿಷ್‌ನಲ್ಲಿ ರಸ್ತೆ ಮುಗಿಯುತ್ತದೆ. ಆಮೇಲೆ ಟೋರನ್‌ಗೆ, ಫ್ಲಾಡಾದ ಕಡೆಗೆ ಕಾಲುದಾರಿ. ಅಣ್ಣ ತಮ್ಮ ಮಾಡಿದ ದಾರಿಯೇ ಅದು.

ಓದಿದ ಮೇಲೆ

ಉತ್ತರ ಹೇಳಿ: ರಸ್ತೆ ಎಲ್ಲಿಂದ ಎಲ್ಲಿಗೆ? ಎಷ್ಟು ಉದ್ದ? ಕ್ಯಾಲಮ್ ಮೊದಲು ತರಿಸಿಕೊಂಡದ್ದು ಏನು? ಪದಕ ಯಾತಕ್ಕೆ ಕೊಟ್ಟರು?

ಮಾತಾಡಿ: ರಸ್ತೆ ಬೇಗ ಆಗಿದ್ದರೆ ಆರ್ನಿಷ್‌ನಲ್ಲಿ ಎಷ್ಟೋ ಮನೆ ಉಳಿಯುತ್ತಿದ್ದವೇ? ಕೆಲವರು ಹೌದು ಅಂತಾರೆ. ರಸ್ತೆ ಆದರೂ ಮಕ್ಕಳು ಹೋಗೇ ಹೋಗುತ್ತಿದ್ದರು ಅಂತ ಕೆಲವರು. ನೀವೇನಂತೀರಿ?

ಬರೆಯಿರಿ: ಲೆಕ್ಸಿಯ ಒಂದು ದಿನ ಹೇಗಿದ್ದಿರಬಹುದು? ಬೆಳಗಿನಿಂದ ರಾತ್ರಿಯವರೆಗೆ ಐದು ಸಾಲು ಬರೆಯಿರಿ.

ಲೆಕ್ಕ ಮಾಡಿ: ಎಂಟು ಅರ್ಧ ಕ್ರೌನ್ ಸೇರಿದರೆ ಒಂದು ಪೌಂಡ್. ಫ್ಲಾಡಾ ದಾರಿಗೆ ಕ್ಯಾಲಮ್ ಮತ್ತು ಚಾರ್ಲ್ಸ್‌ಗೆ ಸಿಕ್ಕ ವರ್ಷದ ಕೂಲಿ 35 ಪೌಂಡ್. ಆ ಕೂಲಿಯಲ್ಲಿ ಅಂಥ ಪುಸ್ತಕ ಎಷ್ಟು ಬರುತ್ತಿತ್ತು?